ತೋಟಕ್ಕೆ ಬರುವ ನರಿಗಳ ನಡತೆಯಲ್ಲಿ ಕಾಣುವ ಬದಲಾವಣೆಗಳು

(ಭೂ ಹಿಡುವಳಿದಾರರ ಮತ್ತು ಗ್ರಾಮ ಮುಖ್ಯಸ್ಥರ ತಿಳಿವಳಿಕೆಗಾಗಿ)

1. ಪೀಠಿಕೆ

ಕೊಡಗಿನ ದಕ್ಷಿಣ ಭಾಗದಲ್ಲಿರುವ ಬಾಳೆಲೆ ಹೋಬಳಿಯು ಒಂದು ಕಡೆ ನಾಗರಹೊಳೆಯ ಅರಣ್ಯಕ್ಕೂ ಇನ್ನೊಂದು ಕಡೆ ಕಾಫಿಯ ತೋಟಗಳಿಗೂ ಗದ್ದೆಯ ಬಯಲುಗಳಿಗೂ ನಡುವೆ ಇರುವುದರಿಂದ, ಅಲ್ಲಿಯ ಹಿಡುವಳಿದಾರರಿಗೆ ಕಾಡುಪ್ರಾಣಿಗಳ ಸಹವಾಸವು ಹೊಸದಲ್ಲ. ಆನೆ, ಹುಲಿ, ಕಾಡುಹಂದಿ ಇವುಗಳ ಉಪದ್ರವವನ್ನು ಕುರಿತು ಎಲ್ಲರೂ ಮಾತನಾಡುವರು. ಆದರೆ ದಿನಂಪ್ರತಿ ಎಂಬಂತೆ ತೋಟದೊಳಕ್ಕೆ ಬಂದು ಹೋಗುವ ನರಿಯನ್ನು ಮಾತ್ರ ಯಾರೂ ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ. ನರಿಯು ಬಂದರೂ ಒಂದೇ, ಹೋದರೂ ಒಂದೇ ಎಂಬ ಭಾವನೆಯು ಸಾಮಾನ್ಯವಾಗಿರುವುದು.

ಈ ಅಲಕ್ಷ್ಯವು ಸರಿಯಾದುದಲ್ಲ. ರಾತ್ರಿಯಲ್ಲಿ ಬರುತ್ತಿದ್ದ ನರಿಯು ಹಗಲಿನಲ್ಲಿ ಬರತೊಡಗುವುದು, ಮನುಷ್ಯನನ್ನು ಕಂಡು ಓಡುತ್ತಿದ್ದುದು ಓಡದೆ ನಿಲ್ಲುವುದು, ಕೂಗಿನ ಕಾಲವೂ ರೀತಿಯೂ ಬದಲಾಗುವುದು, ಈ ವ್ಯತ್ಯಾಸಗಳಲ್ಲಿ ಕೆಲವು ಕೇವಲ ಋತುಮಾನದಿಂದ ಆಗುವುವು. ಕೆಲವು ನಮ್ಮ ಅಜಾಗರೂಕತೆಯಿಂದ ಆಗುವುವು. ಕೆಲವು ಮಾತ್ರ ಪ್ರಾಣಾಪಾಯದ ಸೂಚನೆಗಳು. ಈ ಮೂರನ್ನೂ ಒಂದರಿಂದೊಂದು ಬೇರ್ಪಡಿಸಿ ತಿಳಿಯದಿದ್ದರೆ ಎರಡು ಬಗೆಯ ನಷ್ಟವುಂಟು. ನಿರಪರಾಧಿಯಾದ ಪ್ರಾಣಿಯನ್ನು ಹುಚ್ಚು ಹಿಡಿದುದೆಂದು ಹೊಡೆದು ಕೊಲ್ಲುವುದು ಒಂದು. ನಿಜವಾಗಿ ಹುಚ್ಚು ಹಿಡಿದ ನರಿಯನ್ನು ಸಾಧುವಾಯಿತೆಂದು ನಂಬಿ ಹತ್ತಿರಕ್ಕೆ ಹೋಗುವುದು ಇನ್ನೊಂದು. ಎರಡನೆಯದರಿಂದ ಮನುಷ್ಯನ ಜೀವವೇ ಹೋಗಬಹುದು. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಇಲ್ಲಿ ತಿಳಿಸಲಾಗಿದೆ.

2. ನರಿಯ ಗುರುತು

ನರಿ ಎಂಬ ಹೆಸರಿನಿಂದ ನಮ್ಮಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳನ್ನು ಕರೆಯುವುದುಂಟು. ಬಯಲುಸೀಮೆಯ ಹುಲ್ಲುಗಾವಲು ಕುರುಚಲುಗಳಲ್ಲಿ ಬಿಲ ತೋಡಿಕೊಂಡು ವಾಸಿಸುವ, ದೊಡ್ಡ ಕಿವಿಗಳುಳ್ಳ, ಎರಡು ಮೂರು ಕಿಲೋಗ್ರಾಮ್ ತೂಕದ ಸಣ್ಣ ಪ್ರಾಣಿಯು ಒಂದು. ಅದು ಒಣ ಪ್ರದೇಶದ ಪ್ರಾಣಿ. ಕೊಡಗಿನಂತಹ ಮಳೆಯ ನಾಡಿಗೆ ಸೇರಿದುದಲ್ಲ. ಕಾಫಿ ತೋಟಗಳಿಗೆ ಬರುವುದು ಗುಳ್ಳೆನರಿ. ಇದರ ತೂಕವು ಸಾಮಾನ್ಯವಾಗಿ 8ರಿಂದ 11 ಕಿಲೋಗ್ರಾಮ್. ಮೈಬಣ್ಣವು ಕಂದು ಹಳದಿಯ ಮೇಲೆ ಕಪ್ಪು ಬೂದು ಬೆರೆತಂತೆ ಇರುವುದು. ಬಾಲವು ಪೊದೆಯಂತಿದ್ದು ತುದಿಯು ಕಪ್ಪಾಗಿರುವುದು.

ಕಾಡಿನ ಅಂಚಿನ ತೋಟಗಳಲ್ಲಿ ಸೀಳುನಾಯಿಗಳೂ ಆಗಾಗ್ಗೆ ಕಾಣಬರುವುದರಿಂದ ಅವುಗಳನ್ನೂ ಗುರುತಿಸಬಲ್ಲವರಾಗಿರಬೇಕು. ಸೀಳುನಾಯಿಯ ಮೈ ಕೆಂಪು. ಬಾಲದ ಬಹುಭಾಗವು ಕಪ್ಪು. ಅದು ನರಿಯಂತೆ ಊಳಿಡದೆ ಶಿಳ್ಳೆಯಂತಹ ಧ್ವನಿಯನ್ನು ಮಾಡುವುದು. ಹಗಲಿನಲ್ಲಿಯೇ ಗುಂಪುಗೂಡಿ ಬೇಟೆಯಾಡುವುದು. ಹಗಲಿನಲ್ಲಿ ಕಂಡ ಸೀಳುನಾಯಿಯನ್ನು ನಡತೆಗೆಟ್ಟ ನರಿಯೆಂದು ತಪ್ಪು ತಿಳಿಯಬಾರದು.

3. ನರಿಯ ಸಹಜವಾದ ನಡತೆ

ಬದಲಾವಣೆಯನ್ನು ಗುರುತಿಸಬೇಕಾದರೆ ಮೊದಲು ಸಹಜವಾದುದು ಯಾವುದೆಂದು ತಿಳಿದಿರಬೇಕು. ಗಂಡು ಹೆಣ್ಣುಗಳು ಜೊತೆಯಾಗಿ ಬಾಳುವುದೂ, ಒಂದು ಜೊತೆಯು ತನ್ನದೆಂದು ಒಂದು ಎಲ್ಲೆಯನ್ನು ಕಾಯ್ದುಕೊಳ್ಳುವುದೂ ನರಿಗಳ ಪದ್ಧತಿ. ಹಿಂದಿನ ಸೂಲಿನ ಮರಿಗಳಲ್ಲಿ ಒಂದೆರಡು ತಾಯಿತಂದೆಗಳ ಬಳಿಯಲ್ಲಿಯೇ ಉಳಿದು ಹೊಸ ಮರಿಗಳನ್ನು ಸಾಕಲು ಸಹಾಯ ಮಾಡುವುದೂ ಉಂಟು. ಆದಕಾರಣ ಒಂದೇ ತೋಟಕ್ಕೆ ವರ್ಷಗಟ್ಟಲೆ ಬರುತ್ತಿರುವುವು ಬಹುಮಟ್ಟಿಗೆ ಒಂದೇ ಕುಟುಂಬದ ನರಿಗಳೇ ಆಗಿರುವುವು. ಮನುಷ್ಯರು ಓಡಾಡುವ ಕಡೆಗಳಲ್ಲಿ ಅವು ಸಂಜೆಗತ್ತಲೆಯಲ್ಲಿ ಹೊರಟು ಬೆಳಕು ಹರಿಯುವುದರೊಳಗಾಗಿ ಪೊದೆಯನ್ನು ಸೇರುವುವು. ಹೊರಡುವ ಮುನ್ನವೂ ಹಿಂದಿರುಗುವಾಗಲೂ ಒಂದು ಊಳಿಟ್ಟರೆ ಉಳಿದುವು ದನಿಗೂಡಿಸುವುವು.

ಆಹಾರದ ವಿಷಯದಲ್ಲಿ ನರಿಗೆ ಹೆಚ್ಚಿನ ಆಯ್ಕೆಯಿಲ್ಲ. ಇಲಿ, ಹೆಗ್ಗಣ, ಏಡಿ, ಹುಳು, ಹಕ್ಕಿ, ಬಿದ್ದ ಹಣ್ಣು, ಸತ್ತ ಪ್ರಾಣಿಯ ಮಾಂಸ, ಎಲ್ಲವನ್ನೂ ತಿನ್ನುವುದು. ಗದ್ದೆಯ ಬದುಗಳನ್ನು ಕೊರೆಯುವ ಏಡಿಗಳನ್ನೂ, ಭತ್ತವನ್ನು ಹಾಳುಮಾಡುವ ಇಲಿಗಳನ್ನೂ ತಿನ್ನುವುದರಿಂದ ಅದು ಬೇಸಾಯಗಾರನಿಗೆ ಸಂಬಳವಿಲ್ಲದ ಕಾವಲುಗಾರನೆಂದರೆ ತಪ್ಪಾಗದು. ಕೋಳಿ, ಆಡಿನ ಮರಿ ಇವುಗಳನ್ನು ಕದಿಯುವುದೂ ನಿಜವೇ. ಆದರೆ ಭದ್ರವಾದ ಗೂಡಿನಿಂದ ಈ ನಷ್ಟವನ್ನು ತಪ್ಪಿಸಬಹುದು, ಇಲಿಗಳ ಕಾಟವನ್ನು ಗೂಡಿನಿಂದ ತಪ್ಪಿಸಲಾಗದು.

ಕಾಫಿಯ ಹಣ್ಣನ್ನು ಸಹ ನರಿಯು ತಿನ್ನುವುದು. ಕೊಡಗಿಗೆ ನೆರೆಯದಾದ ವಯನಾಡಿನಲ್ಲಿ ನರಿಗಳು ಮಾಗಿದ ಕಾಫಿ ಹಣ್ಣುಗಳನ್ನು ತಿನ್ನುವುದನ್ನೂ, ಅವುಗಳ ಹಿಕ್ಕೆಯಲ್ಲಿ ಬಿದ್ದ ಬೀಜಗಳನ್ನು ಕೂಲಿಗಳು ಆರಿಸಿಕೊಳ್ಳುವುದನ್ನೂ 19ನೆಯ ಶತಮಾನದ ಪ್ರಾಣಿಶಾಸ್ತ್ರಜ್ಞ ಜರ್ಡನ್ ತನ್ನ ಗ್ರಂಥದಲ್ಲಿ ಬರೆದಿಟ್ಟಿರುವನು. ಈ ಬಗೆಯ ಬೀಜದ ಗುಡ್ಡೆಗಳು ಈಗಲೂ ತೋಟಗಳಲ್ಲಿ ಕಾಣುವುವು. ಆದರೆ ಅವು ಪುನುಗುಬೆಕ್ಕಿನ ಜಾತಿಯ ಪ್ರಾಣಿಗಳು ಬಿಟ್ಟವೂ ಆಗಿರಬಹುದಾದುದರಿಂದ, ಗುಡ್ಡೆಯನ್ನು ಕಂಡ ಮಾತ್ರಕ್ಕೆ ನರಿಗಳು ಹೆಚ್ಚಿದುವೆಂದು ನಿಶ್ಚಯಿಸಕೂಡದು.

4. ಋತುಮಾನದಿಂದಾಗುವ ವ್ಯತ್ಯಾಸಗಳು

ಈ ಕೆಳಗಣ ಬದಲಾವಣೆಗಳಿಂದ ಹೆದರತಕ್ಕ ಕಾರಣವಿಲ್ಲ.

(ಅ) ಭತ್ತದ ಕೊಯಿಲಾದ ಮೇಲೆ ಗದ್ದೆಗಳಲ್ಲಿ ಮರೆಯು ಇಲ್ಲದಂತಾಗಿ ಇಲಿಗಳು ಸುಲಭವಾಗಿ ಸಿಕ್ಕುವುವು. ಆಗ ನರಿಗಳು ಸಂಜೆ ಹೊತ್ತು ಮುಳುಗುವುದಕ್ಕೆ ಮುಂಚೆಯೇ ಬಯಲಿನಲ್ಲಿ ಕಾಣಿಸಿಕೊಳ್ಳುವುವು.

(ಆ) ಜನವರಿಯಿಂದ ಮಾರ್ಚಿಯವರೆಗೆ ರೊಬಸ್ಟಾ ಕಾಫಿಯನ್ನು ಕೊಯ್ಯುವ ಕಾಲದಲ್ಲಿ ತೋಟದ ಮೂಲೆ ಮೂಲೆಗೂ ಆಳುಗಳು ಹೋಗುವರು. ಹಗಲು ಮಲಗುವ ಪೊದೆಯ ಬಳಿ ಜನರು ಬಂದರೆ ನರಿಯು ಎದ್ದು ಬೇರೆ ಕಡೆಗೆ ಹೋಗಲೇಬೇಕು. ಪೊದೆಗಳನ್ನು ಸವರುವಾಗಲೂ, ಹೂವಿಗಾಗಿ ತುಂತುರು ನೀರನ್ನು ಹಾಯಿಸುವಾಗಲೂ ಹೀಗೆಯೇ ಆಗುವುದು. ಅದು ಮಧ್ಯಾಹ್ನದಲ್ಲಿ ಕಂಡರೂ ಅವಸರವಾಗಿ ಮರೆಯನ್ನು ಹುಡುಕುತ್ತ ಹೋಗುವುದೇ ಹೊರತು ನಿಂತು ನೋಡುವುದಿಲ್ಲ.

(ಇ) ಮರಿಗಳಿರುವ ಜೊತೆಗೆ ರಾತ್ರಿಯ ಬೇಟೆಯು ಸಾಲದು. ಗರ್ಭದ ಅವಧಿಯು ಸುಮಾರು 63 ದಿವಸಗಳು. ಮರಿಗಳಿಗೆ ತಾಯಿತಂದೆಗಳು ಆಹಾರವನ್ನು ನುಂಗಿಕೊಂಡು ಬಂದು ಕಕ್ಕಿ ತಿನ್ನಿಸುವುವು. ಈ ಕಾಲದಲ್ಲಿ ನರಿಯು ಹಗಲಿನಲ್ಲಿಯೂ ಒಂದೇ ದಾರಿಯಲ್ಲಿ ಹಲವು ಬಾರಿ ಹೋಗಿ ಬರುವುದು. ಬಿಲದ ಹತ್ತಿರಕ್ಕೆ ನಾಯಿಯು ಹೋದರೆ ಎದುರು ನಿಂತು ಗುರುಗುಟ್ಟುವುದೂ ಉಂಟು. ಇದು ಹುಚ್ಚಲ್ಲ, ಮರಿಗಳ ಮೇಲಣ ಮಮತೆ.

(ಈ) ಹಲಸಿನ ಹಣ್ಣು ಉದುರುವ ಕಾಲದಲ್ಲಿ ಮರದ ಬುಡಕ್ಕೆ ದಿನವೂ ಬರುವುವು. ಹಣ್ಣು ತೀರಿದೊಡನೆ ಬರುವುದನ್ನು ನಿಲ್ಲಿಸುವುವು.

(ಉ) ಬೆಳೆದ ಮರಿಗಳು ತಾಯಿತಂದೆಗಳನ್ನು ಬಿಟ್ಟು ಹೊಸ ಎಲ್ಲೆಯನ್ನು ಹುಡುಕಿಕೊಂಡು ಹೊರಟಾಗ, ದಾರಿ ತಿಳಿಯದ ಒಂಟಿ ನರಿಗಳು ಅಂಗಳದವರೆಗೂ ಬಂದುಬಿಡುವುದುಂಟು. ಕೂಗಿದರೆ ಗಾಬರಿಯಿಂದ ಓಡುವುವು.

ಮೇಲ್ಕಂಡ ಎಲ್ಲ ಸಂದರ್ಭಗಳಲ್ಲಿಯೂ ಒಂದು ಸಮಾನವಾದ ಗುರುತುಂಟು: ನರಿಗೆ ಮನುಷ್ಯನ ಭಯವು ಉಳಿದಿರುವುದು. ಕಾಲವು ಬದಲಾದರೂ ಭಯವು ಬದಲಾಗಿಲ್ಲವಾದರೆ ಚಿಂತಿಸಬೇಕಾದುದಿಲ್ಲ.

5. ನಮ್ಮಿಂದಲೇ ಉಂಟಾಗುವ ವ್ಯತ್ಯಾಸಗಳು

ಭಯವು ಮೆಲ್ಲಮೆಲ್ಲನೆ ಕಡಮೆಯಾಗುತ್ತ ಬಂದು, ನರಿಯು ಮನೆಯ ಹಿಂಭಾಗದವರೆಗೆ ಬರುವ ಅಭ್ಯಾಸವಾದರೆ, ಅದಕ್ಕೆ ಕಾರಣವನ್ನು ನಮ್ಮ ಹಿತ್ತಿಲಿನಲ್ಲಿಯೇ ಹುಡುಕಬೇಕು. ಕೋಳಿಯ ಕರುಳು ಪುಕ್ಕಗಳನ್ನು ತೋಟದ ಹೊಂಡಕ್ಕೆ ಎಸೆಯುವುದು, ಹಂದಿಯ ಮಾಂಸವನ್ನು ಕೊಯ್ದ ಸ್ಥಳವನ್ನು ತೊಳೆಯದೆ ಬಿಡುವುದು, ಸತ್ತ ದನವನ್ನು ಹೂಳದೆ ಹೊಳೆಯ ದಂಡೆಗೆ ಎಳೆದುಹಾಕುವುದು, ಆಳುಗಳ ಲೈನುಮನೆಗಳ ಸುತ್ತ ಎಂಜಲು ಅನ್ನವು ಬೀಳುವುದು, ಇವೇ ಮುಖ್ಯ ಕಾರಣಗಳು. ಅಂಗಡಿಗಳ ಮಾಂಸದ ಕಸವನ್ನು ರಾತ್ರಿಯಲ್ಲಿ ತಂದು ರಸ್ತೆಯ ಬದಿಯ ತೋಟದೊಳಕ್ಕೆ ಸುರಿದುಹೋಗುವ ಕೆಟ್ಟ ರೂಢಿಯೂ ಅಲ್ಲಲ್ಲಿ ಕಾಣುವುದು.

ಇದರಿಂದ ಎರಡು ಕೆಡುಕುಗಳುಂಟು. ಮೊದಲನೆಯದಾಗಿ, ಅದೇ ಕಸಕ್ಕೆ ಊರನಾಯಿಗಳೂ ಬರುವುವು. ಎರಡೂ ಒಂದೇ ಎಲುಬಿಗಾಗಿ ಕಚ್ಚಾಡುವಾಗ ಒಂದರ ರೋಗವು ಇನ್ನೊಂದಕ್ಕೆ ಹತ್ತುವುದು. ಎರಡನೆಯದಾಗಿ, ನಾಯಿ ನರಿಗಳಿರುವ ಕಡೆಗೆ ಅವನ್ನು ಹಿಡಿಯಲು ಚಿರತೆಯು ಬರುವುದು. ಆದಕಾರಣ ಮಾಂಸದ ಕಸವನ್ನೂ ಸತ್ತ ಜಾನುವಾರುಗಳನ್ನೂ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳತಕ್ಕದ್ದು. ಹೂಳಿದ ಗುಂಡಿಯ ಮೇಲೆ ಕಲ್ಲು ಮುಳ್ಳುಗಳನ್ನು ಹೇರುವುದು ಒಳ್ಳೆಯದು. ಇಲ್ಲವಾದರೆ ನರಿಯು ತೋಡುವುದು. ಕೋಳಿಯ ಗೂಡು ನೆಲದಿಂದ ಮೇಲಕ್ಕಿರಬೇಕು, ಬಾಗಿಲನ್ನು ಹೊತ್ತು ಮುಳುಗುವ ಮುನ್ನ ಹಾಕಬೇಕು. ಕಸವು ನಿಂತ ಕೆಲವು ವಾರಗಳಲ್ಲಿಯೇ ನರಿಯು ತನ್ನ ಹಳೆಯ ದಾರಿಗೆ ಮರಳುವುದನ್ನು ಕಾಣಬಹುದು.

ಮುದ್ದಿನಿಂದ ಅನ್ನ ಮಾಂಸಗಳನ್ನು ಇಟ್ಟು ನರಿಯನ್ನು ಪಳಗಿಸುವುದು ಸರ್ವಥಾ ಕೂಡದು. ಬೆಳಗಾಗೆದ್ದು ನರಿಯ ಮುಖವನ್ನು ಕಂಡರೆ ಶುಭವೆಂಬ ನಂಬಿಕೆಯು ನಮ್ಮ ನಾಡಿನಲ್ಲಿ ಬಹಳ ಕಾಲದಿಂದ ಬಂದಿರುವುದು. ದೂರದಿಂದ ಕಂಡರೆ ಯಾರಿಗೂ ಕೇಡಿಲ್ಲ. ಆದರೆ ಮುಖವನ್ನು ಕಾಣಲೆಂದು ಹತ್ತಿರಕ್ಕೆ ಹೋಗುವುದಾಗಲಿ, ಹಿಡಿದು ತರುವುದಾಗಲಿ ಶುಭಕ್ಕೆ ಬದಲಾಗಿ ಮರಣವನ್ನು ತಂದೀತು. ನರಿಯ ಕೊಂಬೆಂದು ಮಾರುವ ವಸ್ತುವು ಶುದ್ಧ ಮೋಸ, ನರಿಗೆ ಕೊಂಬಿಲ್ಲ.

6. ಕೂಗಿನಲ್ಲಿ ಕಾಣುವ ವ್ಯತ್ಯಾಸ

ಹುಲಿಯ ಸಂಚಾರವಿರುವ ಕಡೆಗಳಲ್ಲಿ ನರಿಯ ಕೂಗಿಗೆ ಬೇರೊಂದು ಅರ್ಥವುಂಟು. ಗುಂಪಿನಿಂದ ಬೇರೆಯಾದ ಒಂಟಿ ನರಿಯು ಹುಲಿಯ ಹಿಂದೆ ದೂರದಿಂದ ನಡೆಯುತ್ತ, ಅದು ತಿಂದುಳಿಸಿದುದನ್ನು ತಿನ್ನುವುದೆಂದೂ, ಆಗ ಎಂದಿನ ಊಳಿನಂತಲ್ಲದೆ ಒಂದೇ ದೀರ್ಘವಾದ ಕರ್ಕಶ ಧ್ವನಿಯನ್ನು ಮತ್ತೆ ಮತ್ತೆ ಹೊರಡಿಸುವುದೆಂದೂ ಹಿಂದಿನ ಬೇಟೆಗಾರರೂ ಪ್ರಾಣಿಶಾಸ್ತ್ರಜ್ಞರೂ ಬರೆದಿರುವರು. ನಾಗರಹೊಳೆಯು 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿಯ ಹುಲಿಗಳು ಅಂಚಿನ ತೋಟಗಳಿಗೆ ಬಂದು ದನಗಳನ್ನು ಹಿಡಿಯುವುದು ಬಾಳೆಲೆಯ ಕಡೆಯವರಿಗೆ ತಿಳಿಯದ ವಿಷಯವಲ್ಲ.

ಆದುದರಿಂದ ಗುಂಪಿನ ಊಳು ನಿಂತು, ಒಂದೇ ಕಡೆಯಿಂದ ಒಂಟಿ ನರಿಯ ವಿಕಾರವಾದ ಕೂಗು ಕೇಳಿಸಿದರೆ, ಅದೇ ಹೊತ್ತಿನಲ್ಲಿ ಕೊಟ್ಟಿಗೆಯ ದನಗಳೂ ಬೆದರಿದರೆ, ಆ ದಿಕ್ಕಿಗೆ ಒಂಟಿಯಾಗಿ ಹೋಗಕೂಡದು. ದನಗಳನ್ನು ಹೊರಗೆ ಬಿಡದೆ, ಮರುದಿನ ಆಳುಗಳನ್ನು ಆ ಭಾಗಕ್ಕೆ ಕಳುಹಿಸುವ ಮುನ್ನ ಹೆಜ್ಜೆಯ ಗುರುತುಗಳನ್ನು ನೋಡಿಸಿ, ಅರಣ್ಯ ಇಲಾಖೆಯವರಿಗೆ ತಿಳಿಸತಕ್ಕದ್ದು. ಕೂಗೊಂದರಿಂದಲೇ ಹುಲಿಯಿರುವುದು ನಿಶ್ಚಯವಾಗದು. ಆದರೆ ಎಚ್ಚರಿಕೆಯಿಂದ ಯಾರಿಗೂ ನಷ್ಟವಾಗದು.

7. ರೋಗದಿಂದಾಗುವ ವ್ಯತ್ಯಾಸಗಳು

ಈ ಪ್ರಕರಣವನ್ನು ಹಿಡುವಳಿದಾರರು ತಾವು ಓದುವುದಲ್ಲದೆ, ಓದು ಬಾರದ ಆಳುಗಳಿಗೂ ಓದಿ ಹೇಳತಕ್ಕದ್ದು.

ಹುಚ್ಚುನಾಯಿ ರೋಗವು, ಎಂದರೆ ರೇಬೀಸ್, ನಾಯಿಗೆ ಮಾತ್ರವಲ್ಲದೆ ನರಿ, ಬೆಕ್ಕು, ದನ, ಮನುಷ್ಯ ಮೊದಲಾದ ಹಾಲೂಡುವ ಪ್ರಾಣಿಗಳೆಲ್ಲಕ್ಕೂ ಬರುವುದು. ಇದರ ವಿಷಾಣುವು ರೋಗಿಷ್ಠ ಪ್ರಾಣಿಯ ಜೊಲ್ಲಿನಲ್ಲಿರುವುದು. ಕಚ್ಚಿದ ಗಾಯದಿಂದ ನರಗಳ ಮೂಲಕ ಮೆಲ್ಲಗೆ ಮೆದುಳನ್ನು ಸೇರಿ, ಅಲ್ಲಿಂದ ಮತ್ತೆ ಜೊಲ್ಲಿಗೆ ಇಳಿಯುವುದು. ಮೆದುಳು ಕೆಡುವುದರಿಂದಲೇ ಪ್ರಾಣಿಯ ನಡತೆಯು ಕೆಡುವುದು. ಲಕ್ಷಣಗಳು ಎರಡು ಬಗೆಯಾಗಿರುವುವು.

ಉಗ್ರರೂಪದಲ್ಲಿ ನರಿಯು ಹಗಲು ರಾತ್ರಿಯೆನ್ನದೆ ಗುರಿಯಿಲ್ಲದೆ ಓಡುವುದು, ತನ್ನ ಎಲ್ಲೆಯನ್ನು ಬಿಟ್ಟು ಬಹುದೂರ ಹೋಗುವುದು, ಊರಿನೊಳಕ್ಕೆ ನುಗ್ಗಿ, ತನಗಿಂತ ದೊಡ್ಡ ನಾಯಿಗಳನ್ನೂ ದನಗಳನ್ನೂ ಮನುಷ್ಯರನ್ನೂ ಕಾರಣವಿಲ್ಲದೆ ಕಚ್ಚುವುದು, ಕೋಲು, ಕಲ್ಲು, ಬೇಲಿಗಳನ್ನು ಸಹ ಕಚ್ಚುವುದು, ಹೊಡೆದರೂ ಓಡುವುದಿಲ್ಲ, ಕೂಗು ಒಡಕಾಗಿರುವುದು.

ಮೂಕರೂಪದಲ್ಲಿ ನರಿಯು ಮಂಕಾಗಿ ಒಂದೆಡೆ ಕುಳಿತಿರುವುದು, ಕೆಳದವಡೆಯು ಜೋತುಬಿದ್ದು ಜೊಲ್ಲು ಸುರಿಯುವುದು, ಹಿಂಗಾಲುಗಳು ತಡಬಡಿಸುವುವು, ಮನುಷ್ಯನು ಹತ್ತಿರ ಹೋದರೂ ಸುಮ್ಮನಿರುವುದು. ಈ ರೂಪವೇ ಹೆಚ್ಚು ಮೋಸದ್ದು. ಪಾಪ, ಗಾಯವಾಗಿದೆಯೆಂದು ಎತ್ತಿಕೊಳ್ಳಲು ಹೋದವರಿಗೆ, ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕಿದವರಿಗೆ ಅಪಾಯವು ಹತ್ತುವುದು. ಮಕ್ಕಳು ಇದನ್ನು ಸಾಧುಪ್ರಾಣಿಯೆಂದು ಮುಟ್ಟಲು ಹೋಗುವರು.

ಕಜ್ಜಿಯಿಂದ ಕೂದಲುದುರಿದ ನರಿಯೂ, ನಾಯಿಗಳಿಂದ ಹತ್ತುವ ಡಿಸ್ಟೆಂಪರ್ ಎಂಬ ರೋಗದಿಂದ ಕಣ್ಣು ಮೂಗುಗಳಲ್ಲಿ ಕೀವು ಸೋರುತ್ತ ಮೈ ಅದುರುವ ನರಿಯೂ ಹಗಲಿನಲ್ಲಿ ಮಂಕಾಗಿ ತಿರುಗುವುದುಂಟು. ಇವುಗಳಿಗೂ ರೇಬೀಸಿಗೂ ಇರುವ ಭೇದವನ್ನು ಕಣ್ಣಿನಿಂದ ನೋಡಿ ನಿಶ್ಚಯಿಸುವುದು ಅಸಾಧ್ಯ. ಹಾಗಾಗಿ ಬೇಸಾಯಗಾರನಿಗೆ ಒಂದೇ ನಿಯಮವು ಸಾಕು: ಭಯವನ್ನು ಥಟ್ಟನೆ ಕಳೆದುಕೊಂಡ ನರಿಯನ್ನು, ಅದು ಸಿಟ್ಟಿನದಾಗಿರಲಿ ಸಾಧುವಾಗಿರಲಿ, ಹುಚ್ಚು ಹಿಡಿದುದೆಂದೇ ಭಾವಿಸತಕ್ಕದ್ದು. ಕಸದ ಆಸೆಗೆ ಭಯವು ಕಡಮೆಯಾಗಲು ತಿಂಗಳುಗಳು ಹಿಡಿಯುವುವು; ರೋಗದಿಂದ ಒಂದೆರಡು ದಿನಗಳಲ್ಲಿಯೇ ಹೋಗುವುದು.

8. ಕಚ್ಚಿದ ಕೂಡಲೆ ಮಾಡತಕ್ಕ ಕೆಲಸ

ರೋಗವು ಒಮ್ಮೆ ಕಾಣಿಸಿಕೊಂಡ ಮೇಲೆ ಅದಕ್ಕೆ ಔಷಧವಿಲ್ಲ. ರೋಗಿಯು ಬದುಕುವುದಿಲ್ಲವೆಂದೇ ಹೇಳಬೇಕು. ಆದರೆ ಕಚ್ಚಿದ ದಿನಕ್ಕೂ ರೋಗವು ಕಾಣುವ ದಿನಕ್ಕೂ ನಡುವೆ ಸಾಮಾನ್ಯವಾಗಿ ಎರಡು ಮೂರು ತಿಂಗಳುಗಳೂ, ಕೆಲವು ಸಾರಿ ಒಂದೇ ವಾರವೂ, ಅಪರೂಪವಾಗಿ ಒಂದು ವರ್ಷವೂ ಕಳೆಯುವುದು. ಈ ನಡುವಣ ಕಾಲವೇ ನಮಗೆ ದೊರೆತಿರುವ ಅವಕಾಶ. ಇದನ್ನು ಹಾಳುಮಾಡದೆ ಈ ಕ್ರಮವನ್ನು ಅನುಸರಿಸತಕ್ಕದ್ದು.

ಮೊದಲು, ಗಾಯವನ್ನು ಹರಿಯುವ ನೀರಿನಿಂದಲೂ ಸಾಬೂನಿನಿಂದಲೂ 15 ನಿಮಿಷಗಳ ಕಾಲ ಬಿಡದೆ ತೊಳೆಯಬೇಕು. ಇದು ಅತಿ ಸುಲಭವಾದುದು, ಅತಿ ಮುಖ್ಯವಾದುದು, ಮತ್ತು ಜನರು ಸಾಮಾನ್ಯವಾಗಿ ಬಿಟ್ಟುಬಿಡುವುದು. ತೋಟದ ನಲ್ಲಿಯ ಬಳಿಯಲ್ಲಿಯೂ ಕಾಫಿಯ ಕಣದ ಬಳಿಯಲ್ಲಿಯೂ ಒಂದೊಂದು ಸಾಬೂನನ್ನು ಇಟ್ಟಿರುವುದು ಹಿಡುವಳಿದಾರನ ಕರ್ತವ್ಯ.

ಎರಡನೆಯದಾಗಿ, ಸುಣ್ಣ, ಅರಿಸಿನ, ಮೆಣಸಿನಪುಡಿ, ಕಾಫಿಪುಡಿ, ಸೊಪ್ಪಿನ ರಸ ಇವುಗಳನ್ನು ಹಚ್ಚಕೂಡದು. ಸುಡಕೂಡದು. ಬಟ್ಟೆಯಿಂದ ಬಿಗಿಯಾಗಿ ಕಟ್ಟಕೂಡದು.

ಮೂರನೆಯದಾಗಿ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾಯಿ ಅಥವಾ ಬೆಕ್ಕು ಕಚ್ಚಿದರೆ ಅದನ್ನು 10 ದಿನ ಕಾದು ನೋಡುವ ವಾಡಿಕೆಯುಂಟು. ಆಗಲೂ ಚಿಕಿತ್ಸೆಯನ್ನು ತಡಮಾಡುವಂತಿಲ್ಲ. ನರಿಯ ವಿಷಯದಲ್ಲಿಯಂತೂ ಕಾದು ನೋಡುವ ಮಾತೇ ಇಲ್ಲ. ಕಾಡುಪ್ರಾಣಿಯು ಕಚ್ಚಿದುದೆಲ್ಲವನ್ನೂ, ಗೀರು ಸಣ್ಣದಾದರೂ, ಅತ್ಯಂತ ತೀವ್ರವಾದ ಮೂರನೆಯ ದರ್ಜೆಯ ಕಡಿತವೆಂದೇ ವೈದ್ಯರು ಪರಿಗಣಿಸುವರು. ಇದಕ್ಕೆ ಲಸಿಕೆಯಲ್ಲದೆ, ಗಾಯದ ಸುತ್ತಲೂ ಹಾಕುವ ಇಮ್ಯುನೋಗ್ಲಾಬ್ಯುಲಿನ್ ಎಂಬ ಔಷಧವೂ ಬೇಕು. ಇದು ಎಲ್ಲ ಚಿಕ್ಕ ಆಸ್ಪತ್ರೆಗಳಲ್ಲಿಯೂ ಯಾವಾಗಲೂ ಇರಲಾರದು. ಆದುದರಿಂದ ಹೊರಡುವಾಗಲೇ ಗೋಣಿಕೊಪ್ಪ, ವಿರಾಜಪೇಟೆ ಅಥವಾ ಮಡಿಕೇರಿಯ ಸರಕಾರಿ ಆಸ್ಪತ್ರೆಗಳಲ್ಲಿ ಎಲ್ಲಿ ಅದು ಇದೆಯೆಂದು ವಿಚಾರಿಸಿ ಹೋಗುವುದು ಒಳ್ಳೆಯದು. ವಾಹನವಿಲ್ಲದವರು 108ನ್ನು ಕರೆಯಬಹುದು.

ನಾಲ್ಕನೆಯದಾಗಿ, ಲಸಿಕೆಯನ್ನು ಪೂರೈಸಬೇಕು. ಚರ್ಮದೊಳಗೆ ಕೊಡುವ ಕ್ರಮದಲ್ಲಿ, ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿ 0, 3, 7, 28ನೆಯ ದಿನಗಳಲ್ಲಿಯೂ, ಸ್ನಾಯುವಿಗೆ ಕೊಡುವ ಕ್ರಮದಲ್ಲಿ 0, 3, 7, 14, 28ನೆಯ ದಿನಗಳಲ್ಲಿಯೂ ಕೊಡುವರು. ಗಾಯವು ಒಣಗಿತೆಂದು ನಡುವೆ ಬಿಡುವುದು ಆತ್ಮಘಾತವೇ ಸರಿ. ಕಾಫಿ ಕೊಯಿಲಿಗೆಂದು ಹೊರಗಿನಿಂದ ಬಂದ ಆಳು ಊರಿಗೆ ಹಿಂದಿರುಗುವುದಾದರೆ, ಉಳಿದ ದಿನಗಳನ್ನು ಬರೆದ ಚೀಟಿಯನ್ನು ಆಸ್ಪತ್ರೆಯಿಂದ ಪಡೆದು ಅವನ ಕೈಗೆ ಕೊಟ್ಟು ಕಳುಹಿಸತಕ್ಕದ್ದು.

ಹೊಟ್ಟೆಗೆ ಹದಿನಾಲ್ಕು ಸೂಜಿಗಳನ್ನು ಚುಚ್ಚುವರೆಂಬ ಭಯದಿಂದ ಈಗಲೂ ಕೆಲವರು ಆಸ್ಪತ್ರೆಗೆ ಹೋಗಲಾರರು. ಪಾಶ್ಚರ್ ಎಂಬ ಫ್ರೆಂಚ್ ಪಂಡಿತನು 1885ರಲ್ಲಿ ಈ ರೋಗಕ್ಕೆ ಚಿಕಿತ್ಸೆಯನ್ನು ಮೊದಲಿಗೆ ಮನುಷ್ಯರಲ್ಲಿ ಪ್ರಯೋಗಿಸಿದನು. ದಕ್ಷಿಣ ಇಂಡಿಯಾಕ್ಕಾಗಿ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಪಾಶ್ಚರ್ ಸಂಸ್ಥೆಯು ಸ್ಥಾಪಿತವಾಯಿತು. ಆ ಮೇಲೆ ಬಹುಕಾಲ ಬಳಕೆಯಲ್ಲಿದ್ದುದು ಕುರಿಯ ಮೆದುಳಿನಿಂದ ತಯಾರಾದ ಲಸಿಕೆ. ಹೊಟ್ಟೆಗೆ ಚುಚ್ಚುತ್ತಿದ್ದುದು ಅದನ್ನೇ. ಇಂಡಿಯಾದಲ್ಲಿ ಅದರ ತಯಾರಿಕೆಯು 2004ರಲ್ಲಿ ನಿಂತುಹೋಯಿತು. ಈಗಿನ ಲಸಿಕೆಯನ್ನು ತೋಳಿಗೆ ಹಾಕುವರು. ಅಷ್ಟು ನೋವಿಲ್ಲ, ಹಳೆಯ ಲಸಿಕೆಯ ಅಪಾಯಗಳೂ ಇಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಅದನ್ನು ಹಾಕುವರು. ಈ ಸಂಗತಿಯನ್ನು ವಯಸ್ಸಾದವರಿಗೆ ವಿಶೇಷವಾಗಿ ತಿಳಿಯಹೇಳಬೇಕು.

9. ದನಗಳನ್ನು ಕಚ್ಚಿದರೆ

ರಾತ್ರಿಯಲ್ಲಿ ನರಿಯು ಕೊಟ್ಟಿಗೆಗೆ ನುಗ್ಗಿ ದನವನ್ನು ಕಚ್ಚಿಹೋದುದು ಬೆಳಗ್ಗೆ ತಿಳಿಯದೆ ಇರಬಹುದು. ವಾರಗಳೋ ತಿಂಗಳುಗಳೋ ಕಳೆದ ಮೇಲೆ ದನವು ಮೇವು ಬಿಟ್ಟು, ಒಡಕು ಧ್ವನಿಯಿಂದ ಪದೇ ಪದೇ ಕೂಗುತ್ತ, ಜೊಲ್ಲು ಸುರಿಸುತ್ತ, ನುಂಗಲಾರದೆ ನಿಲ್ಲುವುದು. ಇದನ್ನು ಗಂಟಲಲ್ಲಿ ಏನೋ ಸಿಕ್ಕಿಕೊಂಡುದೆಂದು ಭಾವಿಸಿ ಬಾಯೊಳಗೆ ಕೈ ಹಾಕುವುದೂ, ಗೊಟ್ಟದಿಂದ ಔಷಧವನ್ನು ಎರೆಯುವುದೂ ರೈತರ ರೂಢಿ. ಈ ಲಕ್ಷಣಗಳಿದ್ದಾಗ ಹಾಗೆ ಮಾಡಕೂಡದು. ಅಂತಹ ಹಸುವಿನ ಹಾಲನ್ನು ಉಪಯೋಗಿಸಕೂಡದು. ಅದನ್ನು ಬೇರೆಯಾಗಿ ಕಟ್ಟಿ ಪಶುವೈದ್ಯರನ್ನು ಕರೆಯಿಸಬೇಕು. ಪಶುಸಂಗೋಪನಾ ಇಲಾಖೆಯ ಸಂಚಾರಿ ವೈದ್ಯರನ್ನು 1962ರ ಮೂಲಕ ಕರೆಯಬಹುದು. ಕಚ್ಚಿದುದು ಆಗಲೇ ತಿಳಿದಿದ್ದಲ್ಲಿ ಕೈಗೆ ಮರೆಯನ್ನು ಹಾಕಿಕೊಂಡು ಗಾಯವನ್ನು ಸಾಬೂನಿನಿಂದ ತೊಳೆದು, ವೈದ್ಯರ ಸಲಹೆಯಂತೆ ದನಕ್ಕೂ ಲಸಿಕೆಯನ್ನು ಹಾಕಿಸಬಹುದು.

10. ನರಿಗಳನ್ನು ಕೊಲ್ಲುವುದರಿಂದ ಪ್ರಯೋಜನವಿಲ್ಲ

ಒಂದು ನರಿಗೆ ಹುಚ್ಚು ಹಿಡಿಯಿತೆಂದು ಕೇಳಿದೊಡನೆ ಎಲ್ಲ ನರಿಗಳನ್ನೂ ಕೊಂದುಬಿಡಬೇಕೆಂದು ಕೆಲವರು ಹೊರಡುವರು. ಯೂರೋಪು ಖಂಡದಲ್ಲಿ ಕೆಂಪು ನರಿಗಳಿಂದ ಈ ರೋಗವು ಹಬ್ಬಿದಾಗ, ಕೋವಿಯಿಂದಲೂ ವಿಷದಿಂದಲೂ ಬಲೆಯಿಂದಲೂ ಅವನ್ನು ಲೆಕ್ಕವಿಲ್ಲದಷ್ಟು ಕೊಂದರೂ ರೋಗವು ನಿಲ್ಲಲಿಲ್ಲ. ಕೊಂದ ನರಿಗಳ ಎಲ್ಲೆಗೆ ಹೊರಗಿನ ನರಿಗಳು ಬಂದು ಸೇರಿದುವು. ಕೊನೆಗೆ 1978ರಲ್ಲಿ ಸ್ವಿಟ್ಸರ್ಲೆಂಡಿನವರು ಕೋಳಿಯ ತಲೆಗಳಲ್ಲಿ ಲಸಿಕೆಯನ್ನು ಅಡಗಿಸಿ ಕಾಡಿನಲ್ಲಿ ಎಸೆದು, ನರಿಗಳೇ ಅದನ್ನು ತಿಂದು ರಕ್ಷಣೆ ಪಡೆಯುವಂತೆ ಮಾಡಿದರು. ಈ ಉಪಾಯವು ಇತರ ದೇಶಗಳಿಗೂ ಹಬ್ಬಿ, ಪಶ್ಚಿಮ ಯೂರೋಪಿನ ಬಹುಭಾಗದಿಂದ ನರಿಯ ರೇಬೀಸು ಅಳಿದುಹೋಯಿತು. ಕೊಲ್ಲುವುದರಿಂದ ಆಗದ ಕೆಲಸವು ಲಸಿಕೆಯಿಂದ ಆಯಿತು.

ನಮ್ಮ ದೇಶದ ಸ್ಥಿತಿಯು ಬೇರೆ. ಇಲ್ಲಿ ರೋಗದ ಬೇರು ನಾಯಿಗಳಲ್ಲಿ ಇರುವುದು. ಮನುಷ್ಯರಿಗೆ ಬರುವ ರೇಬೀಸಿನಲ್ಲಿ 100ಕ್ಕೆ 99 ಪಾಲು ನಾಯಿಯ ಕಡಿತದಿಂದಲೇ ಬರುವುದು. ನರಿಗೂ ಅದು ಬಹುಮಟ್ಟಿಗೆ ನಾಯಿಯಿಂದಲೇ ಹತ್ತುವುದು. ಆದುದರಿಂದ ತೋಟದ ನಾಯಿಗಳಿಗೆ ಲಸಿಕೆ ಹಾಕಿಸುವುದೇ ನರಿಯ ಹುಚ್ಚಿಗೂ ಮದ್ದು. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆಯನ್ನೂ, ಆ ಮೇಲೆ ಪಶುವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆಯೂ ಹಾಕಿಸಬೇಕು. ಒಂದು ಊರಿನ 100 ನಾಯಿಗಳಲ್ಲಿ 70ಕ್ಕೆ ಲಸಿಕೆಯಾದರೆ ರೋಗವು ಹಬ್ಬಲು ದಾರಿಯಿಲ್ಲದಂತಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿರುವುದು. ನಾಯಿಗಳಿಂದ ಹರಡುವ ಈ ರೋಗವನ್ನು 2030ರೊಳಗಾಗಿ ದೇಶದಿಂದ ತೊಲಗಿಸಬೇಕೆಂದು ಕೇಂದ್ರ ಸರಕಾರವು 2021ರಲ್ಲಿ ಒಂದು ಯೋಜನೆಯನ್ನು ಹೊರಡಿಸಿತು. ಯೋಜನೆಯು ಕಾಗದದ ಮೇಲಿದ್ದರೆ ಸಾಲದು. ಪ್ರತಿಯೊಂದು ತೋಟದ ನಾಯಿಯ ಕತ್ತಿನವರೆಗೂ ಬರಬೇಕು.

11. ಕಾನೂನಿನ ವಿಷಯ

ನರಿಯು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿರುವುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿಯಿರುವುದು; ಅದನ್ನು 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಲಾಯಿತು. ಆದರೆ ಈ ವಿನಾಯಿತಿಯು ಕೋವಿಯನ್ನು ಇಟ್ಟುಕೊಳ್ಳುವುದಕ್ಕೇ ಹೊರತು ಬೇಟೆಯಾಡುವುದಕ್ಕಲ್ಲ. ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಕಾಡುಪ್ರಾಣಿಯನ್ನು ಕೊಂದರೆ ಅದು ಅಪರಾಧವಲ್ಲವೆಂದು ಅದೇ ಕಾಯಿದೆಯ 11ನೆಯ ಪ್ರಕರಣವು ಹೇಳುವುದು. ಹಾಗೆ ಕೊಂದ ಪ್ರಾಣಿಯು ಸರಕಾರದ ಸ್ವತ್ತು. ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸತಕ್ಕದ್ದು.

ವಿಷವಿಟ್ಟ ಮಾಂಸ, ಉರುಲು, ವಿದ್ಯುತ್ತಿನ ತಂತಿ ಇವುಗಳನ್ನು ನರಿಗೆಂದಾಗಲಿ ಹಂದಿಗೆಂದಾಗಲಿ ಒಡ್ಡುವುದು ಅಪರಾಧವೂ ಹೌದು, ಅವಿವೇಕವೂ ಹೌದು. ನರಿಗಿಟ್ಟ ವಿಷವನ್ನು ಸಾಕಿದ ನಾಯಿಯು ತಿನ್ನುವುದು. ಹಂದಿಗೆ ಒಡ್ಡಿದ ಉರುಲಿನಲ್ಲಿ ಚಿರತೆಯು ಸಿಕ್ಕಿಬೀಳುವುದು. ತಂತಿಯನ್ನು ಮುಟ್ಟಿ ಆಳು ಸಾಯುವನು.

12. ಗ್ರಾಮ ಮುಖ್ಯಸ್ಥರು ಮಾಡತಕ್ಕ ಕೆಲಸ

ಊರಿನ ತಕ್ಕಮುಖ್ಯಸ್ಥರೂ ಪಂಚಾಯತಿಯ ಸದಸ್ಯರೂ ದೊಡ್ಡ ಹಿಡುವಳಿದಾರರೂ ಮನಸ್ಸು ಮಾಡಿದರೆ ಈ ಕೆಳಗಣ ಕೆಲಸಗಳು ಕಷ್ಟವಲ್ಲ.

(1) ಪ್ರತಿ ತೋಟದಲ್ಲಿಯೂ ಲೈನುಮನೆಗಳಲ್ಲಿಯೂ ಇರುವ ನಾಯಿಗಳ ಪಟ್ಟಿಯನ್ನು ಮಾಡಿ, ಕಾಫಿ ಕೊಯಿಲು ಆರಂಭವಾಗುವ ಮುನ್ನ ಒಂದೇ ದಿನ ಪಶುವೈದ್ಯರನ್ನು ಕರೆಯಿಸಿ ಲಸಿಕೆ ಹಾಕಿಸುವುದು.

(2) ಭಯವನ್ನು ಕಳೆದುಕೊಂಡ ನರಿಯು ಕಂಡಿತೆಂಬ ಸುದ್ದಿಯು ಬಂದೊಡನೆ ಸುತ್ತಣ ತೋಟಗಳಿಗೂ ಶಾಲೆಗೂ ತಿಳಿಸಿ, ಮಕ್ಕಳು ಒಂಟಿಯಾಗಿ ನಡೆಯದಂತೆ ಮಾಡುವುದು, ನಾಯಿಗಳನ್ನು ಕಟ್ಟಿಹಾಕಿಸುವುದು, ಅರಣ್ಯ ಇಲಾಖೆಯವರನ್ನು ಕರೆಯಿಸುವುದು.

(3) ಸತ್ತ ನರಿಯು ಸಿಕ್ಕಿದರೆ ಬರಿಗೈಯಿಂದ ಮುಟ್ಟಕೂಡದು, ಚರ್ಮವನ್ನು ಸುಲಿಯಕೂಡದು. ರೋಗವನ್ನು ನಿಶ್ಚಯಿಸುವುದಕ್ಕೆ ಮೆದುಳನ್ನು ಪರೀಕ್ಷಿಸಬೇಕಾಗುವುದರಿಂದ ತಲೆಯು ಕೆಡದಂತೆ ನೋಡಿಕೊಳ್ಳುವುದು ಅವಶ್ಯ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆ ಪ್ರಯೋಗಶಾಲೆಯಿರುವುದು. ಕಳುಹಿಸುವ ಏರ್ಪಾಡನ್ನು ಇಲಾಖೆಯವರೇ ಮಾಡಬೇಕು.

(4) ಆ ನರಿಯು ಕಚ್ಚಿದ ಜನ, ದನ, ನಾಯಿಗಳೆಲ್ಲವನ್ನೂ ವಿಚಾರಿಸಿ ಹೆಸರು ಬರೆದುಕೊಳ್ಳುವುದು. ಕಚ್ಚಿಸಿಕೊಂಡವರು ಬಡವರೆಂದೋ ಹೊರಗಿನವರೆಂದೋ ಪಟ್ಟಿಯಿಂದ ಬಿಟ್ಟುಹೋಗದಂತೆ, ಎಲ್ಲರೂ ಲಸಿಕೆಯನ್ನು ಪೂರೈಸಿದರೆಂದು ಖಚಿತವಾಗುವವರೆಗೆ ನೋಡಿಕೊಳ್ಳುವುದು.

13. ಸಾರಾಂಶ

ನರಿಯು ಬರುವ ಹೊತ್ತು ಬದಲಾದರೆ ಋತುವನ್ನು ನೋಡಿರಿ. ಬರುವ ಜಾಗವು ಬದಲಾದರೆ ನಿಮ್ಮ ಹಿತ್ತಿಲಿನ ಕಸವನ್ನು ನೋಡಿರಿ. ಕೂಗು ಬದಲಾದರೆ ದನಗಳನ್ನು ಒಳಗೆ ಕಟ್ಟಿರಿ. ಭಯವೇ ಥಟ್ಟನೆ ಹೋದರೆ ದೂರವಿರಿ, ಮಕ್ಕಳನ್ನು ಒಳಕ್ಕೆ ಕರೆಯಿರಿ, ಇಲಾಖೆಗೆ ತಿಳಿಸಿರಿ. ಕಚ್ಚಿದರೆ ಸಾಬೂನು, ನೀರು, ಅದೇ ದಿನ ಆಸ್ಪತ್ರೆ. ನಾಯಿಗಳಿಗೆ ವರ್ಷಕ್ಕೊಮ್ಮೆ ಲಸಿಕೆಯನ್ನು ಹಾಕಿಸಿದ ಊರಿನಲ್ಲಿ, ಸಂಜೆಯ ನರಿಯ ಊಳನ್ನು ನಿಶ್ಚಿಂತೆಯಿಂದ ಕೇಳಬಹುದು.